ಯಂತ್ರದ ಆಕಾಂಕ್ಷೆ

ಕಂಪ್ಯೂಟರಿಗೆ ಕೆಲಸ ಹೇಳಲು ಹೊರಟ ನಮ್ಮಂಥ ಹೊಸಬರಿಗೆ ಮೊದಲ ವಾರದಲ್ಲಿಯೇ ಒಂದು ಕೆಂಪು ಸಾಲಿನ ದರ್ಶನವಾಗುತ್ತದೆ. ಬರೆದದ್ದೆಲ್ಲ ಸರಿಯೆಂದು ನಂಬಿ ಗುಂಡಿಯೊತ್ತಿದೊಡನೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಇಳಿದುಬರುತ್ತದೆ. ನಮ್ಮಲ್ಲಿ ಬಹುಮಂದಿ ಅದನ್ನು ಓದುವುದಿಲ್ಲ. ಎಲ್ಲರೆದುರು ಬೈಸಿಕೊಂಡವರಂತೆ ಮುಖ ಸಣ್ಣಗೆ ಮಾಡಿಕೊಂಡು, ಪಕ್ಕದವರು ನೋಡುವ ಮೊದಲೇ ಅದನ್ನು ಮುಚ್ಚಿಬಿಡುತ್ತೇವೆ. ಆ ಸಾಲುಗಳಲ್ಲಿ ಬಹು ಸಾಮಾನ್ಯವಾದ ಒಂದನ್ನು, ಎಂದರೆ ‘ಆರ್ಗ್ಯುಮೆಂಟ್ ಒಂದು ಕಾಣೆಯಾಗಿದೆ’ ಎಂಬ ದೂರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಈ ಪ್ರಯತ್ನ. ನಾನು ಕನ್ನಡ, ಇತಿಹಾಸಗಳನ್ನು ಓದುತ್ತಿರುವವನು, ಗಣಕಶಾಸ್ತ್ರದ ಪಂಡಿತನಲ್ಲ. ಕಲಾ ವಿಭಾಗದ ನಮಗೂ ಈಗ ಕಂಪ್ಯೂಟರಿನ ಪ್ರಾಯೋಗಿಕ ತರಗತಿ ಇರುವುದರಿಂದಲೂ, ಈ ಒಂದು ಸಾಲನ್ನು ಓದದೆ ಬಿಟ್ಟು ನಾನು ಮಾಡಿದ ಅವಾಂತರ ಇನ್ನೂ ಮರೆತಿಲ್ಲವಾದ್ದರಿಂದಲೂ ಬರೆಯುವ ಧೈರ್ಯ ಮಾಡಿದ್ದೇನೆ. ತಪ್ಪು ಕಂಡರೆ ಬಲ್ಲವರು ತಿದ್ದಬೇಕು.

ಮೊದಲು ಆ ಪದದ ವಿಚಾರ. ನಿಘಂಟಿನಲ್ಲಿ ಆರ್ಗ್ಯುಮೆಂಟ್ ಎಂಬುದಕ್ಕೆ ವಾದ, ತರ್ಕ, ವಾಗ್ವಾದ ಎಂದು ಅರ್ಥ ಕೊಟ್ಟಿರುತ್ತಾರೆ. ಯಂತ್ರವು ನನ್ನೊಡನೆ ವಾದಕ್ಕೆ ನಿಂತಿದೆಯೆಂದೂ, ನನ್ನ ಕಡೆಯ ವಾದ ಸಾಲದೆನ್ನುತ್ತಿದೆಯೆಂದೂ ಕೆಲವು ದಿನ ನಾನು ನಿಜವಾಗಿಯೇ ತಿಳಿದಿದ್ದುಂಟು. ಇದು ಗಣಿತದವರ ಬಳಕೆಯಿಂದ ಬಂದ ಪರಿಭಾಷೆ. ಒಂದು ಕೆಲಸ ನಡೆಯಬೇಕಾದರೆ ಅದರ ಕೈಗೆ ನಾವು ಕೊಡಬೇಕಾದ ಬೆಲೆಗೆ ಆ ಹೆಸರು. ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಉದಾಹರಣೆ ಕೊಡುತ್ತೇನೆ. ನಾವು ಕಲಿಯುವುದು ಪೈಥಾನ್ ಎಂಬ ಭಾಷೆ. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರಾಸಮ್ ಎಂಬವರು 1991ರಲ್ಲಿ ಅದನ್ನು ಮೊದಲು ಹೊರತಂದರು. 2008ರ ಕೊನೆಯಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದೀಚೆಗೆ ನಾವಿಡುವ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದು. ಆದುದರಿಂದ ಹಾಜರಿಯ ಶೇಕಡವಾರು ಲೆಕ್ಕವನ್ನು ಹೀಗೆ ಬರೆದಿಟ್ಟೆವೆನ್ನಿ:

ಡೆಫ್ ಶೇಕಡ(ಹಾಜರಿ, ನಡೆದದ್ದು):
    ರಿಟರ್ನ್ ಹಾಜರಿ * 100 / ನಡೆದದ್ದು

ಇದರಲ್ಲಿ ‘ಡೆಫ್’, ‘ರಿಟರ್ನ್’ ಎಂಬವು ಭಾಷೆಯ ಸ್ವಂತ ಮಾತುಗಳು. ಅವನ್ನು ಮಾತ್ರ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಹೀಗೆ ಹೆಸರಿಟ್ಟು ಬರೆದಿಟ್ಟ ಕೆಲಸಕ್ಕೆ ಫಂಕ್ಷನ್ ಎನ್ನುತ್ತಾರೆ. ಬೇಕಾದಾಗ ಅದನ್ನು ಹೆಸರು ಹಿಡಿದು ಕರೆಯಬಹುದು. ಶೇಕಡ(60, 72) ಎಂದು ಕರೆದರೆ, ನಡೆದ 72 ತರಗತಿಗಳಲ್ಲಿ 60ಕ್ಕೆ ಬಂದವರ ಹಾಜರಿ 83.33 ಎಂದು ಉತ್ತರ ಬರುತ್ತದೆ. ಬರೆದಿಡುವಾಗ ಆವರಣದಲ್ಲಿ ಕಾದಿರಿಸಿದ ಸ್ಥಳಗಳಿಗೆ ಪ್ಯಾರಾಮೀಟರ್ ಎಂದೂ, ಕರೆಯುವಾಗ ಆ ಸ್ಥಳಗಳಲ್ಲಿ ಕೂರಿಸುವ ಬೆಲೆಗಳಿಗೆ ಆರ್ಗ್ಯುಮೆಂಟ್ ಎಂದೂ ಹೆಸರು. ಮಾತಿನಲ್ಲಿ ಇವೆರಡನ್ನೂ ಕಲಸಿಬಿಡುವುದು ತಿಳಿದವರಲ್ಲಿಯೂ ಉಂಟು. ಈಗ ಶೇಕಡ(60) ಎಂದಷ್ಟೇ ಕರೆದರೆ ಏನಾಗಬೇಕು? ಅರವತ್ತನ್ನು ಯಾವುದರಿಂದ ಭಾಗಿಸುವುದು? ಅಲ್ಲಿ ಕೆಂಪು ಸಾಲು ಹುಟ್ಟುತ್ತದೆ.

ಕನ್ನಡ ಐಚ್ಛಿಕದ ತರಗತಿಯಲ್ಲಿ ವಾಕ್ಯಾರ್ಥದ ವಿಚಾರ ನಡೆದ ದಿನ ನನಗೆ ಇದರ ಮರ್ಮ ಹೊಳೆಯಿತು. ಪದಗಳ ಗುಂಪು ವಾಕ್ಯವೆನಿಸಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕೂಡಿಬರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ‘ತಾ’ ಎಂದೊಡನೆ ಕೇಳಿದವನ ಮನಸ್ಸಿನಲ್ಲಿ ‘ಏನನ್ನು?’ ಎಂಬ ಪ್ರಶ್ನೆ ಏಳುತ್ತದೆ. ಅದೇ ಆಕಾಂಕ್ಷೆ. ‘ನೀರನ್ನು ತಾ’ ಎಂದಾಗ ಅದು ತೀರುತ್ತದೆ. ‘ಬೆಂಕಿಯಿಂದ ತೋಯಿಸು’ ಎಂದರೆ ಆಕಾಂಕ್ಷೆಯೇನೋ ತೀರಿತು, ಆದರೆ ತೋಯಿಸುವ ಯೋಗ್ಯತೆ ಬೆಂಕಿಗಿಲ್ಲ. ‘ನೀರನ್ನು’ ಎಂದು ಬೆಳಗ್ಗೆ ಹೇಳಿ ‘ತಾ’ ಎಂದು ಸಂಜೆ ಹೇಳಿದರೆ ಸನ್ನಿಧಿಯಿಲ್ಲ. ಕ್ರಿಯಾಪದಗಳಲ್ಲಿ ‘ಮಲಗು’ ಎಂಬುದಕ್ಕೆ ಕರ್ಮ ಬೇಡ. ‘ತರು’ ಎಂಬುದಕ್ಕೆ ಬೇಕು. ‘ಕೊಡು’ ಎಂಬುದಕ್ಕೆ ಏನನ್ನು ಎಂಬುದರ ಜೊತೆಗೆ ಯಾರಿಗೆ ಎಂಬುದೂ ಬೇಕು. ಫಂಕ್ಷನ್ನುಗಳಲ್ಲಿಯೂ ಹೀಗೆಯೇ ಏನೂ ಬೇಡದವು, ಒಂದು ಬೇಡುವವು, ನಾಲ್ಕೈದು ಬೇಡುವವು ಎಂದು ಭೇದಗಳಿವೆ. ಕಾಣೆಯಾದ ಆರ್ಗ್ಯುಮೆಂಟಿನ ದೂರೆಂದರೆ ಯಂತ್ರದ ತೀರದ ಆಕಾಂಕ್ಷೆ, ‘ಏನನ್ನು?’ ಎಂದು ಅದು ಕೇಳುತ್ತಿದೆ, ಅಷ್ಟೆ.

(ಯೋಗ್ಯತೆಯ ಮಾತು ಬಂದದ್ದರಿಂದ ಒಂದು ತಮಾಷೆ. ಅಂಕಿಯ ಬದಲು “ಅರವತ್ತು” ಎಂಬ ಅಕ್ಷರಗಳನ್ನು ಕೊಟ್ಟು ಶೇಕಡ(“ಅರವತ್ತು”, 72) ಎಂದು ಕರೆದರೆ, ಈ ಭಾಷೆ ನೂರರಿಂದ ಗುಣಿಸು ಎಂಬುದನ್ನು ಪಾಲಿಸಿ ‘ಅರವತ್ತು’ ಎಂಬ ಪದವನ್ನು ನೂರು ಸಲ ಸಾಲಾಗಿ ಜೋಡಿಸುತ್ತದೆ. ಭಾಗಿಸಬೇಕಾದಾಗ ಮಾತ್ರ ತನ್ನಿಂದಾಗದೆನ್ನುತ್ತದೆ. ಅದು ಬೇರೆ ಬಗೆಯ ದೂರು.)

ಆದರೆ ವ್ಯಾಕರಣ ಏನೇ ಹೇಳಲಿ, ನಾವು ಮಾತಾಡುವಾಗ ಬಿಡುವುದೇ ಹೆಚ್ಚು. ಅವ್ವ ಒಲೆಯ ಮುಂದಿನಿಂದ ‘ತಗೊಂಡು ಬಾರೋ’ ಎಂದು ಕೂಗಿದರೆ ಬೇಕಾದದ್ದು ಬೆಂಕಿಪೊಟ್ಟಣವೋ ಉಪ್ಪಿನ ಡಬ್ಬಿಯೋ ನನಗೆ ತಿಳಿಯುತ್ತದೆ. ‘ಕೊಟ್ಟೆ’ ಎಂಬ ಒಂದೇ ಪದ ನಮ್ಮಲ್ಲಿ ಪೂರ್ಣ ವಾಕ್ಯ: ಯಾರು ಎಂಬುದನ್ನು ಪ್ರತ್ಯಯ ಹೇಳುತ್ತದೆ, ಏನನ್ನು, ಯಾರಿಗೆ ಎಂಬುದನ್ನು ಸಂದರ್ಭ ತುಂಬಿಕೊಡುತ್ತದೆ. ಯಂತ್ರಕ್ಕೆ ನಮ್ಮ ಅಡಿಗೆಮನೆಯ ಪರಿಚಯವಿಲ್ಲ. ಹೇಳದೆ ಉಳಿದದ್ದನ್ನು ಊಹಿಸಿಕೊಳ್ಳುವ ಗುಣ ಅದಕ್ಕಿಲ್ಲ. ಊಹಿಸಿಕೊಳ್ಳುವಂತೆ ನಾವು ಮಾಡಿದರೆ ಏನಾಗುತ್ತದೆಂಬುದು ಮುಂದೆ ಬರುತ್ತದೆ.

ಈಗ ಆ ಸಾಲನ್ನೇ ಓದೋಣ. ಅದು ಹೀಗಿರುತ್ತದೆ: ‘ಟೈಪ್‌ಎರರ್: ಶೇಕಡ() ಮಿಸ್ಸಿಂಗ್ 1 ರಿಕ್ವೈರ್ಡ್ ಪೊಸಿಷನಲ್ ಆರ್ಗ್ಯುಮೆಂಟ್: ನಡೆದದ್ದು’. ಯಾವ ಕೆಲಸ ನಿಂತಿತು? ಶೇಕಡ. ಎಷ್ಟು ಕಡಮೆ? ಒಂದು. ಅದು ಇಲ್ಲದೆ ನಡೆದೀತೆ? ಇಲ್ಲ, ಬೇಕೇ ಬೇಕು. ಯಾವುದು? ನಡೆದದ್ದು. ಹೆಸರನ್ನೇ ಹೇಳಿಬಿಟ್ಟಿದೆ! ಮೊದಲು ಇಷ್ಟು ಸೌಜನ್ಯವಿರಲಿಲ್ಲ. ಹಿಂದಿನ ಆವೃತ್ತಿಗಳಲ್ಲಿ ‘ಇದಕ್ಕೆ 2 ಬೇಕು, 1 ಕೊಟ್ಟಿದ್ದೀರಿ’ ಎಂಬಷ್ಟೇ ಅರ್ಥದ ಮಾತು ಬರುತ್ತಿತ್ತು. 2012ರಲ್ಲಿ ಬಂದ 3.3ನೆಯ ಆವೃತ್ತಿಯಿಂದ ಕಾಣೆಯಾದುದರ ಹೆಸರನ್ನೂ ಸೇರಿಸಿದರು. ಅರ್ಜಿ ಹಿಡಿದು ಕಚೇರಿಗಳ ಕಿಟಕಿಯ ಮುಂದೆ ನಿಂತು ಬಂದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ‘ಅರ್ಜಿ ಸರಿಯಿಲ್ಲ, ನಾಳೆ ಬಾ’ ಎನ್ನುವವರೂ ಉಂಟು, ‘ಮೂರನೆಯ ಕಾಲಂ ಖಾಲಿ ಬಿಟ್ಟಿದ್ದೀಯಪ್ಪ, ಅಲ್ಲಿ ತಂದೆಯ ಆದಾಯ ಬರಿ’ ಎನ್ನುವವರೂ ಉಂಟು. ಎರಡನೆಯವರ ಮಾತಿಗೆ ಮುಖ ಸಣ್ಣಗೆ ಮಾಡಿಕೊಳ್ಳುವುದೇಕೆ?

ಆ ಸಾಲಿನಲ್ಲಿ ‘ಪೊಸಿಷನಲ್’ ಎಂಬುದೊಂದು ಉಳಿಯಿತು. ಕೊಟ್ಟ ಬೆಲೆಗಳಲ್ಲಿ ಮೊದಲನೆಯದು ಮೊದಲ ಸ್ಥಳಕ್ಕೆ, ಎರಡನೆಯದು ಎರಡನೆಯ ಸ್ಥಳಕ್ಕೆ ಹೋಗುತ್ತದೆ ಎಂದು ಅರ್ಥ. ಇಂಗ್ಲಿಷ್ ವಾಕ್ಯದಲ್ಲಿ ಪದದ ಸ್ಥಾನವೇ ಕರ್ತೃ ಯಾವುದು, ಕರ್ಮ ಯಾವುದು ಎಂದು ತಿಳಿಸುತ್ತದಲ್ಲವೆ, ಹಾಗೆ. ನಮ್ಮ ಭಾಷೆಯಲ್ಲಿ ‘ಬೆಕ್ಕು ಇಲಿಯನ್ನು ಹಿಡಿಯಿತು’ ಎಂದರೂ ‘ಇಲಿಯನ್ನು ಬೆಕ್ಕು ಹಿಡಿಯಿತು’ ಎಂದರೂ ಸತ್ತದ್ದು ಇಲಿಯೇ. ವಿಭಕ್ತಿ ಪ್ರತ್ಯಯ ಕಾಯುತ್ತದೆ. ಪೈಥಾನಿನಲ್ಲಿಯೂ ಅಂಥ ವಿಭಕ್ತಿ ಉಂಟು. ಶೇಕಡ(ನಡೆದದ್ದು=72, ಹಾಜರಿ=60) ಎಂದು ಹೆಸರು ಹೇಳಿಯೇ ಕೊಟ್ಟರೆ ಹಿಂದುಮುಂದಾದರೂ ಬಾಧೆಯಿಲ್ಲ. ಹೆಸರಿಲ್ಲದೆ ಶೇಕಡ(72, 60) ಎಂದರೆ ಹಾಜರಿ ಶೇಕಡ 120 ಎಂದು ಉತ್ತರ ಬರುತ್ತದೆ. ಯಂತ್ರ ಚಕಾರವೆತ್ತುವುದಿಲ್ಲ.

ದೂರು ಬಂದಾಗ ಎಲ್ಲಿ ನೋಡಬೇಕು? ಪೈಥಾನ್ ಕೊಡುವ ವರದಿ ಹತ್ತಿಪ್ಪತ್ತು ಸಾಲುಗಳಿರಬಹುದು. ಅದನ್ನು ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು. ಕೊನೆಯ ಸಾಲು ದೂರು. ಅದರ ಮೇಲಿನದು ದೂರು ಹುಟ್ಟಿದ ಸ್ಥಳ. ಇನ್ನೂ ಮೇಲಿನವು ಅಲ್ಲಿಗೆ ಬಂದ ದಾರಿ. ಈ ದೂರಿನ ವಿಶೇಷವೇನೆಂದರೆ, ಅದು ತೋರಿಸುವ ಸಾಲು ಫಂಕ್ಷನ್ನಿನ ಒಳಗಿನದಲ್ಲ. ಅದನ್ನು ಕರೆದ ಸಾಲು. ಬೇಕಾದದ್ದು ಕೈಯಲ್ಲಿಲ್ಲದ್ದರಿಂದ ಕೆಲಸ ಹೊಸ್ತಿಲನ್ನೇ ದಾಟಿಲ್ಲ. ಆದುದರಿಂದ ಮೊದಲು ಕರೆದ ಸಾಲನ್ನೂ ಆಮೇಲೆ ಬರೆದಿಟ್ಟ ಸಾಲನ್ನೂ ಪಕ್ಕಪಕ್ಕದಲ್ಲಿಟ್ಟು ಎಣಿಸಿ ನೋಡಬೇಕು. ಕೆಲವೊಮ್ಮೆ ಬರೀ ಮರೆವು. ಕೆಲವೊಮ್ಮೆ, ಎರಡಿದ್ದ ಸ್ಥಳಗಳನ್ನು ಯಾರೋ ಮೂರು ಮಾಡಿ ಹಳೆಯ ಕರೆಗಳನ್ನು ತಿದ್ದದೆ ಬಿಟ್ಟಿರುತ್ತಾರೆ. ನಿನ್ನೆ ನಡೆಯುತ್ತಿದ್ದದ್ದು ಇಂದು ನಿಲ್ಲುವುದು ಸಾಮಾನ್ಯವಾಗಿ ಹೀಗೆ. ಇನ್ನೊಂದು ಕಾರಣ ಸ್ವಲ್ಪ ಮೋಸದ್ದು. 60, 72 ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಜೋಡಿ’ ಎಂದು ಹೆಸರಿಟ್ಟು ಶೇಕಡ(ಜೋಡಿ) ಎಂದು ಕರೆದರೆ, ನಮ್ಮ ಕಣ್ಣಿಗೆ ಎರಡೂ ಕೊಟ್ಟಂತೆಯೇ. ಯಂತ್ರದ ಲೆಕ್ಕದಲ್ಲಿ ಕೊಟ್ಟದ್ದು ಒಂದು ಗಂಟು. ಶೇಕಡ(*ಜೋಡಿ) ಎಂದು ಮುಂದೊಂದು ನಕ್ಷತ್ರ ಹಾಕಿದರೆ ಗಂಟು ಬಿಚ್ಚಿ ಎರಡೂ ತಮ್ಮ ತಮ್ಮ ಸ್ಥಳಕ್ಕೆ ಹೋಗುತ್ತವೆ.

ಹೊಸಬರನ್ನು ಬಹಳ ಗೋಳುಹೊಯ್ದುಕೊಳ್ಳುವುದು ‘ಸೆಲ್ಫ್’ ಕಾಣೆಯಾಗಿದೆಯೆಂಬ ದೂರು. ನಾವು ಎಂದೂ ಕೊಡದ, ಕೊಡಬೇಕೆಂದು ಯಾರೂ ಹೇಳದ ಆರ್ಗ್ಯುಮೆಂಟನ್ನು ಅದು ಕೇಳುತ್ತದೆ. ವಿಷಯ ಇಷ್ಟು. ‘ವಿದ್ಯಾರ್ಥಿ’ ಎಂಬೊಂದು ಅಚ್ಚನ್ನು ಮಾಡಿ, ಪ್ರತಿಯೊಬ್ಬನೂ ತನ್ನ ಶೇಕಡವನ್ನು ತಾನೇ ಹೇಳುವಂತೆ ಅದರೊಳಗೆ ಒಂದು ಫಂಕ್ಷನ್ ಬರೆಯಬಹುದು. ಅಂಥ ಫಂಕ್ಷನ್ನಿನ ಮೊದಲ ಸ್ಥಳ ‘ಯಾರ?’ ಎಂಬ ಆಕಾಂಕ್ಷೆಗೆ ಮೀಸಲು. ವಾಡಿಕೆಯಲ್ಲಿ ಅದಕ್ಕೆ ‘ಸೆಲ್ಫ್’ ಎಂದು ಹೆಸರು. ಅಚ್ಚಿನಿಂದ ಒಬ್ಬ ವಿದ್ಯಾರ್ಥಿಯನ್ನು ತೆಗೆದು ಅವನ ಮೂಲಕ ಕರೆದಾಗ ಆ ಸ್ಥಳವನ್ನು ಯಂತ್ರ ತಾನಾಗಿಯೇ ತುಂಬಿಕೊಳ್ಳುತ್ತದೆ. ಅಚ್ಚನ್ನೇ ಹಿಡಿದು ವಿದ್ಯಾರ್ಥಿ.ಶೇಕಡ() ಎಂದು ಕರೆದರೆ ತುಂಬುವವರಾರು? ಖಾಲಿ ಅರ್ಜಿ ನಮೂನೆಯನ್ನು ಹಿಡಿದು ‘ನಿನ್ನ ವಯಸ್ಸೆಷ್ಟು’ ಎಂದು ಕೇಳಿದ ಹಾಗೆ. ಹೆಚ್ಚಿನಂಶ ನಾವು ವಿದ್ಯಾರ್ಥಿ() ಎಂದು ಬರೆಯಬೇಕಾದಲ್ಲಿ ಆವರಣ ಚಿಹ್ನೆ ಮರೆತು ವಿದ್ಯಾರ್ಥಿ ಎಂದಷ್ಟೇ ಬರೆದಿರುತ್ತೇವೆ.

ಇಷ್ಟು ಹೊತ್ತೂ ಹೇಳಿದ್ದು ಒಂದೇ ಯಂತ್ರದೊಳಗಿನ ಕರೆ. ದೂರದ ಇನ್ನೊಂದು ಯಂತ್ರದ ಕೆಲಸವನ್ನೂ ಜಾಲದ ಮೂಲಕ ಕರೆಯಬಹುದು. ಹಾಗೆ ಕರೆಯುವವರಿಗೆಂದು ತೆರೆದಿಟ್ಟ ಬಾಗಿಲಿಗೆ ಎ.ಪಿ.ಐ. ಎನ್ನುತ್ತಾರೆ. ಕನ್ನಡ ವಿಕಿಪೀಡಿಯಕ್ಕೂ ಅಂಥದೊಂದು ಬಾಗಿಲಿದೆ. ಅಲ್ಲಿ ಒಂದು ಪುಟವನ್ನು ತಿದ್ದಲು ‘ಟೋಕನ್’ ಎಂಬ ಗುರುತಿನ ಚೀಟಿಯನ್ನು ಜೊತೆಗೆ ಕಳಿಸಬೇಕು. ಕಳಿಸದಿದ್ದರೆ ‘ಟೋಕನ್ ಎಂಬ ಪ್ಯಾರಾಮೀಟರನ್ನು ಕೊಡಲೇಬೇಕು’ ಎಂದು ಉತ್ತರ ಬರುತ್ತದೆ. ಅನೇಕ ಎ.ಪಿ.ಐ.ಗಳು ಇಂಥ ಸಂದರ್ಭದಲ್ಲಿ ಉತ್ತರದ ಲಕೋಟೆಯ ಮೇಲೆಯೇ 400 ಎಂಬ ಅಂಕಿಯನ್ನು, ಎಂದರೆ ‘ಕೇಳಿದ ರೀತಿ ಸರಿಯಿಲ್ಲ’ ಎಂಬ ಮುದ್ರೆಯನ್ನು ಒತ್ತುತ್ತವೆ. ವಿಕಿಪೀಡಿಯದ ಈ ಬಾಗಿಲಿನಲ್ಲಿ ಸಾಮಾನ್ಯವಾಗಿ ಲಕೋಟೆಯ ಮೇಲೆ 200, ಎಂದರೆ ‘ಕ್ಷೇಮ’ ಎಂದೇ ಇರುತ್ತದೆ. ದೂರು ಒಳಗಿನ ಕಾಗದದಲ್ಲಿರುತ್ತದೆ. ಲಕೋಟೆ ನೋಡಿ ಸಮಾಧಾನಪಟ್ಟುಕೊಂಡವನು ಕೆಟ್ಟ.

ಅಲ್ಲಿ ನಾನು ತಿಂದ ಇನ್ನೊಂದು ಪೆಟ್ಟು ಹೆಸರಿನದು. ಪುಟಗಳ ವಿವರ ಕೇಳುವಾಗ ‘ಟೈಟಲ್ಸ್’ ಎಂದು ಬಹುವಚನದಲ್ಲಿ ಬರೆಯಬೇಕಾದ್ದನ್ನು ಒಂದೇ ಪುಟವಲ್ಲವೆ ಎಂದು ‘ಟೈಟಲ್’ ಎಂದು ಬರೆದೆ. ಉತ್ತರ ಬಂತು, ಆದರೆ ಅದರಲ್ಲಿ ಪುಟವೇ ಇಲ್ಲ. ಮೂಲೆಯಲ್ಲಿ ‘ಟೈಟಲ್ ಎಂಬುದನ್ನು ನಾವರಿಯೆವು’ ಎಂಬ ಎಚ್ಚರಿಕೆಯೊಂದಿತ್ತು. ಕೊಟ್ಟೆನೆಂದು ನಾನು, ಕೊಡಲಿಲ್ಲವೆಂದು ಅದು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮತ್ತೊಂದು ಸಂಗತಿ: ಇಂಥ ಕರೆಗಳಿಗೆ ಪೈಥಾನಿನಲ್ಲಿ ಬಹಳವಾಗಿ ಬಳಸುವ ‘ರಿಕ್ವೆಸ್ಟ್ಸ್’ ಎಂಬ ಲೈಬ್ರರಿ, ವಿಳಾಸಕ್ಕೆ ಸೇರಿಸತಕ್ಕ ಪ್ಯಾರಾಮೀಟರುಗಳಲ್ಲಿ ಯಾವುದರ ಬೆಲೆ ‘ನನ್’, ಎಂದರೆ ಶೂನ್ಯಸ್ಥಿತಿ ಆಗಿದೆಯೋ ಅದನ್ನು ಕಳಿಸುವುದೇ ಇಲ್ಲ. ನಮ್ಮ ಪ್ರೋಗ್ರಾಮಿನಲ್ಲಿ ಹೆಸರು ಕಣ್ಣೆದುರಿಗೇ ಇರುತ್ತದೆ. ದಾರಿಯಲ್ಲಿ ಅದು ಉದುರಿಹೋಗಿರುತ್ತದೆ. ನಿಜವಾಗಿ ಹೊರಟ ವಿಳಾಸವನ್ನು ಪರದೆಯ ಮೇಲೆ ತರಿಸಿ ನೋಡುವುದೊಂದೇ ಇದಕ್ಕೆ ಉಪಾಯ.

ಇನ್ನು ನನ್ನ ಅವಾಂತರದ ವಿಷಯ. ಕಳೆದ ಸೆಮಿಸ್ಟರಿನಲ್ಲಿ ನಮ್ಮ ತರಗತಿಯ ಹಾಜರಿ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಕೊಡುತ್ತೇವೆಂದು ನಾನೂ ಗೆಳೆಯನೊಬ್ಬನೂ ತಾವಾಗಿಯೇ ಮುಂದೆ ಹೋಗಿ ಅಧ್ಯಾಪಕರಿಂದ ಒಪ್ಪಿಗೆ ಪಡೆದೆವು. ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಬೇಕು. ಕನ್ನಡ, ಇತಿಹಾಸಗಳಲ್ಲಿ ತಲಾ 90 ತರಗತಿಗಳು ನಡೆದಿದ್ದವು. ಐಚ್ಛಿಕ ಪತ್ರಿಕೆಯೊಂದರಲ್ಲಿ ನಡೆದದ್ದು 72. ಆ ಪತ್ರಿಕೆಯ ಭಾಗವನ್ನು ಬರೆದ ಗೆಳೆಯ, ಎಷ್ಟು ತರಗತಿ ನಡೆಯಿತೆಂಬುದು ಎಲ್ಲರಿಗೂ ಗೊತ್ತೇ ಇದೆಯಲ್ಲ ಎಂಬ ಭಾವದಲ್ಲಿ ಪ್ರತಿಯೊಬ್ಬರ ಹಾಜರಿಯನ್ನು ಮಾತ್ರ ಕೊಟ್ಟು ಫಂಕ್ಷನ್ನನ್ನು ಕರೆದಿದ್ದ. ಸಂಜೆ ಲ್ಯಾಬ್ ಮುಚ್ಚುವ ಹೊತ್ತು. ಅಟೆಂಡರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ‘ನಡೆದದ್ದು’ ಕಾಣೆಯಾಗಿದೆಯೆಂದು ಕೆಂಪು ಸಾಲು ಬಂತು. ನಾನು ಮೇಲಿನ ಸಾಲಿಗೆ ಹೋಗಿ

ಡೆಫ್ ಶೇಕಡ(ಹಾಜರಿ, ನಡೆದದ್ದು=90):

ಎಂದು ತಿದ್ದಿದೆ. ಹೀಗೆ ಬರೆದರೆ, ಎರಡನೆಯ ಬೆಲೆಯನ್ನು ಯಾರೂ ಕೊಡದಿದ್ದಾಗ 90 ಎಂದು ಇಟ್ಟುಕೋ ಎಂದು ಅರ್ಥ. ಕೆಂಪು ಸಾಲು ಮಾಯವಾಯಿತು. ನಮಗೆ ಬಹಳ ಸಂತೋಷವಾಯಿತು. ಮರುದಿನ ಪಟ್ಟಿ ನೋಟಿಸ್ ಬೋರ್ಡಿಗೆ ಏರಿತು.

ಐಚ್ಛಿಕ ಪತ್ರಿಕೆಯಲ್ಲಿ 60 ತರಗತಿಗೆ ಬಂದಿದ್ದ ಸಹಪಾಠಿನಿಯೊಬ್ಬರಿಗೆ ಅದರಲ್ಲಿ 66.67 ಎಂದು ಬಂದಿತ್ತು. ಅವರು ದಿನಾ ಬೆಳಗಿನ ಮೊದಲ ಬಸ್ಸು ಹಿಡಿದು ಬರುವವರು. ಲೆಕ್ಕ ಕಂಪ್ಯೂಟರಿನದೆಂದು ತಿಳಿದು, ತಪ್ಪಿರಬಹುದೆಂದು ಅವರಿಗೂ ತೋರಲಿಲ್ಲ, ನಮಗೂ ತೋರಲಿಲ್ಲ. ಎರಡು ದಿನ ಕಳೆದು ಅವರ ತಂದೆ ಅಂದಿನ ಕೂಲಿ ಬಿಟ್ಟು ಕಾಲೇಜಿಗೆ ಬಂದರು. ಸ್ಟಾಫ್ ರೂಮಿನ ಬಾಗಿಲ ಹೊರಗೆ ಚಪ್ಪಲಿ ಕಳಚಿ, ‘ಸಾರ್, ನಮ್ಮ ಹುಡುಗಿ ಒಂದು ದಿನಾನೂ ಸುಮ್ಮನೆ ಮನೇಲಿ ಕೂತಿಲ್ಲ’ ಎಂದರು. ನನ್ನ ಅಪ್ಪ ಬಂದಿದ್ದರೂ ಹಾಗೆಯೇ ನಿಲ್ಲುತ್ತಿದ್ದರೆಂದು ನನಗೆ ತೋರಿತು. ಅಧ್ಯಾಪಕರು ಒಂದು ಮಾತೂ ಆಡದೆ ರಿಜಿಸ್ಟರನ್ನು ತೆರೆದು ಪೆನ್ಸಿಲಿನಿಂದ ಒಂದೊಂದಾಗಿ ಎಣಿಸಿದರು: 72ರಲ್ಲಿ 60.

ಆ ದಿನವೇ ಕುಳಿತು ನೋಡಿದಾಗ ತಿಳಿದದ್ದು ಇದು. 90ರ ಲೆಕ್ಕದಲ್ಲಿ 75 ಮುಟ್ಟಲು 68 ತರಗತಿ ಬೇಕು. 72ರ ಲೆಕ್ಕದಲ್ಲಿ 54 ಸಾಕು. 54ರಿಂದ 67ರವರೆಗೆ ಹಾಜರಿಯಿದ್ದವರನ್ನೆಲ್ಲ ನಾವು ಸುಮ್ಮನೆ ಕೆಳಗೆ ತಳ್ಳಿದ್ದೆವು. ಸುಳಿವು ಪಟ್ಟಿಯಲ್ಲಿಯೇ ಇತ್ತು: ಆ ಪತ್ರಿಕೆಯಲ್ಲಿ ಯಾರಿಗೂ 80ಕ್ಕಿಂತ ಹೆಚ್ಚು ಬಂದಿರಲಿಲ್ಲ. ಒಂದು ದಿನವೂ ತಪ್ಪಿಸದವರಿಗೂ 80! ಅದನ್ನು ನೋಡಿಯೂ ನನಗೆ ಅನುಮಾನ ಬಾರದೆ ಹೋಯಿತಲ್ಲ. ಕೆಂಪು ಸಾಲು ನಿಂತಿದ್ದಷ್ಟು ಕಾಲ ತಪ್ಪು ಲ್ಯಾಬಿನೊಳಗೇ ಇತ್ತು. ಅದರ ಬಾಯಿ ಮುಚ್ಚಿಸಿದ ಮೇಲೆ ತಪ್ಪು ಬಾಗಿಲು ದಾಟಿ ನೋಟಿಸ್ ಬೋರ್ಡಿಗೆ ಬಂತು.

ಇಟ್ಟುಕೊಂಡ ಬೆಲೆ ಕೊಡುವುದೇ ಕೂಡದೆಂದು ಇದರ ಅರ್ಥವಲ್ಲ. ಉತ್ತರವನ್ನು ಎಷ್ಟು ದಶಮಾಂಶ ಸ್ಥಾನಗಳವರೆಗೆ ತೋರಿಸಬೇಕೆಂಬಂಥ ವಿಷಯಕ್ಕೆ ‘ಹೇಳದಿದ್ದರೆ ಎರಡು’ ಎಂದಿಡುವುದು ಒಳ್ಳೆಯದೇ. ಊಹೆ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ನಡೆದ ತರಗತಿಗಳ ಸಂಖ್ಯೆ ಆ ಜಾತಿಯದಲ್ಲ. ಭಾಷೆಗಳಲ್ಲಿಯೂ ಈ ವಿಷಯದಲ್ಲಿ ಸ್ವಭಾವಭೇದವುಂಟು. ಜಾವಾಸ್ಕ್ರಿಪ್ಟ್ ಎಂಬ ಭಾಷೆ, ಕೊಡದ ಆರ್ಗ್ಯುಮೆಂಟಿಗೆ ‘ಅನ್‌ಡಿಫೈನ್ಡ್’ ಎಂಬ ಬೆಲೆಯನ್ನು ತಾನೇ ಇಟ್ಟುಕೊಂಡು ಮುಂದೆ ಸಾಗಿಬಿಡುತ್ತದೆ. ಭಾಗಿಸಿದಾಗ ‘ಸಂಖ್ಯೆಯಲ್ಲ’ ಎಂಬರ್ಥದ ಉತ್ತರ ಬಂದಾಗಲೇ ಗೊತ್ತಾಗಬೇಕು. ಪೈಥಾನಿನ ಸಿಡುಕು ನನಗೆ ಈಗ ಅದಕ್ಕಿಂತ ಹಿತವೆನಿಸುತ್ತದೆ.

ಪಟ್ಟಿಯನ್ನು ಮರುದಿನ ಬೆಳಗ್ಗೆ ಬದಲಾಯಿಸಿದೆವು. ಸಹಪಾಠಿನಿಯ ಕ್ಷಮೆ ಕೇಳಿದೆವು; ಅವರು ಪರೀಕ್ಷೆಗೆ ಕೂತರು. ಪ್ರೋಗ್ರಾಮಿನಿಂದ 90ನ್ನು ತೆಗೆದು ಆ ಸಾಲನ್ನು ಹೀಗೆ ಬರೆದೆ:

ಡೆಫ್ ಶೇಕಡ(*, ಹಾಜರಿ, ನಡೆದದ್ದು):

ಮುಂದಿರುವ ಆ ಒಂಟಿ ನಕ್ಷತ್ರಕ್ಕೆ, ಇನ್ನು ಮೇಲೆ ಯಾರೂ ಸ್ಥಾನ ನಂಬಿ ಬೆಲೆ ಕೊಡಕೂಡದು, ಎರಡನ್ನೂ ಹೆಸರು ಹೇಳಿಯೇ ಕೊಡಬೇಕು ಎಂದು ಅರ್ಥ. ಒಂದನ್ನು ಬಿಟ್ಟರೂ ಅದರ ಹೆಸರು ಹಿಡಿದು ಕೇಳುತ್ತದೆ. ಈ ಸಲದ ಪಟ್ಟಿ ಮಾಡುವಾಗ ಎರಡು ಬಾರಿ ಕೆಂಪು ಸಾಲು ಬಂತು. ಎರಡು ಬಾರಿಯೂ ಎದ್ದು ಸ್ಟಾಫ್ ರೂಮಿಗೆ ಹೋಗಿ ರಿಜಿಸ್ಟರನ್ನು ಕೇಳಿ ತಂದೆ.